ಸ್ಟೇಜ್ ಡೋರ್ ಹತ್ರ ಕಾಯೋ ನಮ್ಮ ಪುಟ್ಟಿಗೆ

ಮಂಡ್ಯ
ಭಾನುವಾರ ಬೆಳಗ್ಗೆ

ಚಿ. ಪುಟ್ಟಿಗೆ ನಿನ್ ದೊಡ್ಡಪ್ಪ ಮಾಡೋ ಆಶೀರ್ವಾದಗಳು. ನಾವೆಲ್ಲ ಇಲ್ಲಿ ಚೆನ್ನಾಗಿದೀವಿ, ನಿಮ್ ದೊಡ್ಡಮ್ಮನ ಮಂಡಿನೋವು ಒಂದು ಬಿಟ್ರೆ. ಫೋನಲ್ಲೇ ಹೇಳೋಣ ಅಂದ್ಕೊಂಡಿದ್ದೆ, ಆದ್ರೆ ಫೋನಲ್ಲಿ ನೀನು ಹ್ಞೂಂ ದೊಡ್ಡಪ್ಪ, ಹ್ಞೂಂ ದೊಡ್ಡಪ್ಪ ಅಂತಾನೇ ಆ ಕಡೆ ಇನ್ಯಾರಿಗೋ ಟೈಪ್ ಮಾಡ್ತಿರ್ತೀಯ, ಟಕಟಕ ಸೌಂಡ್ ನಂಗೂ ಕೇಳುತ್ತೆ. ಅದ್ಕೇ ಬರೆದು ಕಳಿಸ್ತಿದೀನಿ, ಉದ್ದ ಆಯ್ತು ಅಂತ ಬೈಕೋಬೇಡ.

ನಿಮ್ಮಪ್ಪ ಮೊನ್ನೆ ಬಂದಿದ್ದ. ಲಂಡನ್ನಿಗೆ ಎಂಎಸ್ ಮಾಡಕ್ಕೆ ಹೋದೋಳು ವಾರ ವಾರ ಮ್ಯೂಸಿಕಲ್ ನಾಟಕಕ್ಕೆ ಹೋಗ್ತಾಳೆ ಕಣಣ್ಣ, ಒಂದೇ ನಾಟಕ ಆರು ಸಲ ನೋಡವ್ಳೆ ಅಂತ ತಲೆ ಚಚ್ಕೊಂಡ. ನಾಟಕಕ್ ತಾನೆ ಹೋಗ್ಲಿ ಬಿಡೋ ಅಂದೆ. ನಾನೇ ನಲವತ್ತು ವರ್ಷ ಕಾಲು ಹಾರ್ಮೋನಿಯಂ ತುಳ್ಕೊಂಡು ಮಂಡ್ಯ ಜಿಲ್ಲೆ ಊರೂರು ಸುತ್ತಿದೋನು, ನಾನ್ ಯಾವ ಬಾಯಲ್ಲಿ ಬೇಡ ಅನ್ನಲಿ. ಆಮೇಲೆ ಹೇಳ್ದ ನೋಡು, ನೀನು ಆ ಹಾಡೋ ಹುಡುಗಿನ ನೋಡಕ್ಕೆ ಅಂತ ಥಿಯೇಟರ್ ಹಿಂದ್ಗಡೆ ಬಾಗಿಲಲ್ಲಿ ಮೂರು ಸಲ ಚಳೀಲಿ ನಿಂತ್ಕೊಂಡ್ಯಂತೆ, ಮೂರು ಸಲನೂ ಆಯಮ್ಮ ಬರಲಿಲ್ವಂತೆ, ಇನ್‌ಸ್ಟಾದಲ್ಲಿ ಇಪ್ಪತ್ತು ಮೆಸೇಜ್ ಹಾಕಿದೀಯಂತೆ, ಈಗ ಆಯಮ್ಮ ಯಾವ ಸ್ಟೇಷನ್ನಲ್ಲಿ ರೈಲು ಹತ್ತುತ್ತೆ ಅಂತ ಯಾರೋ ಗ್ರೂಪಲ್ಲಿ ಹೇಳವ್ರೆ, ಅಲ್ಲಿ ಹೋಗಿ ನಿಂತ್ಕೊಳ್ಳಾ ಅಂತ ಯೋಚನೆ ಮಾಡ್ತಿದೀಯಂತೆ. ಆ ಕೊನೆ ಮಾತು ಕೇಳಿ ಕೈಲಿದ್ದ ಕಾಫಿ ಕೆಳಗಿಟ್ಟೆ.

ಬೈತಿಲ್ಲ ಪುಟ್ಟಿ. ಮೊದ್ಲು ನನ್ ಕಥೆ ಕೇಳು.

ನಾನು ಪಿಯುಸಿ ಓದೋವಾಗ ಮಂಡ್ಯಕ್ಕೆ ಒಂದು ನಾಟಕದ ಕಂಪನಿ ಬಂದು ತಗಡಿನ ಥಿಯೇಟರ್ ಹಾಕಿದ್ರು. ಅದ್ರಲ್ಲಿ ಒಬ್ರು ಹಾಡ್ತಿದ್ರು, ಕಂದಪದ್ಯ ಎತ್ತಿದ್ರೆ ಹಿಂದಿನ ಸಾಲಿನ ನೆಲದ ಟಿಕೆಟ್ಟಿನೋರ್ಗೂ ಅಕ್ಷರ ಅಕ್ಷರ ಕೇಳೋದು, ಒನ್ಸ್ ಮೋರ್ ಅಂತ ಕೂಗಿದ್ರೆ ಬೇಜಾರಿಲ್ದೆ ಇನ್ನೊಂದ್ಸಲ ಹಾಡೋರು. ಹನ್ನೊಂದು ರಾತ್ರಿ ಹೋದೆ. ಹನ್ನೊಂದನೇ ದಿನ ಧೈರ್ಯ ಮಾಡಿ, ರೈಲ್ವೆ ಸ್ಟೇಷನ್ನಲ್ಲಿ ಬಿಸಿ ಬಿಸಿ ಮದ್ದೂರು ವಡೆ ಕಟ್ಟಿಸ್ಕೊಂಡು ನಾಟಕ ಮುಗಿದ್ಮೇಲೆ ಪರದೆ ಹಿಂದಕ್ಕೆ ನುಗ್ಗಿದೆ. ಅವ್ರು ಒಂದು ಟ್ರಂಕಿನ ಮೇಲೆ ಕೂತು ಕೊಬ್ಬರಿ ಎಣ್ಣೆ ಹಚ್ಕೊಂಡು ಹಳೇ ಪಂಚೆ ತುಂಡಲ್ಲಿ ಮುಖದ ಬಣ್ಣ ಒರೆಸ್ತಿದ್ರು. ಅರ್ಧ ಮುಖ ರಾಜ, ಇನ್ನರ್ಧ ಮುಖ ನಿದ್ದೆ ಇಲ್ದೆ ಕೆಂಪಗಾಗಿರೋ ಒಬ್ಬ ಸಾಮಾನ್ಯ ಮನುಷ್ಯ. ನಾನು ಹಲ್ಲು ಕಿರ್ಕೊಂಡು ಪೊಟ್ಟಣ ಚಾಚಿದೆ. ಅವ್ರು ಮುಟ್ಟಿ ಕಣ್ಣಿಗೊತ್ಕೊಂಡು ಪಕ್ಕದಲ್ಲಿದ್ದ ಪರದೆ ಎಳೆಯೋ ಹುಡುಗನ ಕೈಗೆ ಕೊಟ್ರು. "ಎಣ್ಣೇದು ಗಂಟ್ಲಿಗಾಗಲ್ಲ ಮಗ, ನಾಳೆ ಶನಿವಾರ, ಎರಡಾಟ ಇದೆ" ಅಂದ್ರು. ದನಿ ಹೇಗಿತ್ತು ಅಂತೀಯ, ಒಣಗಿದ ತೆಂಗಿನಗರಿ ಎಳೆದ ಹಾಗೆ. ಆ ದನೀನಾ ಅರ್ಧ ಗಂಟೆ ಮುಂಚೆ ಹಂಗೆ ಹಾಡಿದ್ದು ಅನ್ನಿಸ್ತು.

ಆಮೇಲೆ ಕೇಳಿದ್ರು, ನಾಟಕದಲ್ಲಿ ಯಾವ ಜಾಗ ಹಿಡಿಸ್ತಪ್ಪ ನಿಂಗೆ ಅಂತ. ನಾನು ಎಲ್ಲಾ ಚೆನ್ನಾಗಿತ್ತು ಸಾರ್ ಅಂದೆ. ಅವ್ರು ನಕ್ಕು ತಲೆ ಆಡಿಸಿ ಮತ್ತೆ ಬಣ್ಣ ಒರೆಸ್ಕೊಳಕ್ಕೆ ಶುರು ಮಾಡಿದ್ರು. ಹನ್ನೊಂದು ದಿನ ನೋಡಿ ಒಂದು ಜಾಗ ಹೇಳಕ್ಕಾಗ್ಲಿಲ್ಲ ನನ್ ಕೈಲಿ. ಈಗಲೂ ಸ್ಟೇಷನ್ನಲ್ಲಿ ವಡೆ ವಡೆ ಅಂತ ಕೂಗಿದ್ರೆ ನಂಗೆ ಅದೇ ಜ್ಞಾಪಕ ಬರೋದು.

ನಿಮ್ ಲಂಡನ್ ಲೆಕ್ಕ ನೀನೇ ಹೇಳಿದ್ದೆ, ವಾರಕ್ಕೆ 8 ಶೋ, ಎರಡು ದಿನ ಮಧ್ಯಾಹ್ನ ಒಂದು ರಾತ್ರಿ ಒಂದು. ಹಾಡ್ಬೇಕು, ಕುಣೀಬೇಕು, ಮೆಟ್ಲು ಹತ್ತಿ ಇಳೀಬೇಕು, ಉಸಿರು ಸಿಕ್ಕದೇ ಇದ್ರೂ ಶ್ರುತಿ ತಪ್ಪಂಗಿಲ್ಲ. ನಮ್ ಕಡೆ ಕುರುಕ್ಷೇತ್ರ ನಾಟಕ ರಾತ್ರಿ ಒಂಬತ್ತಕ್ಕೆ ಶುರುವಾದ್ರೆ ಬೆಳಕು ಹರಿಯೋವರ್ಗೂ ನಡೆಯುತ್ತೆ ನಿಜ, ಆದ್ರೆ ನಮ್ ದುರ್ಯೋಧನ ಮಾರನೇ ದಿನ ಗದ್ದೆಗೆ ನೀರು ಕಟ್ಟಿ ಬಂದು ಮಲಗ್ತಾನೆ, ವರ್ಷಕ್ಕೆ ಒಂದೋ ಎರಡೋ ಸಲ ಹಾಡೋದು. ಆಯಮ್ಮಂಗೆ ಹಾಡೋದೇ ಅನ್ನ. ಮಧ್ಯಾಹ್ನದ ಆಟ ಮುಗಿಸಿ ರಾತ್ರಿ ಆಟ ಶುರುವಾಗೋದ್ರೊಳಗೆ ಸಿಗೋ ಎರಡು ಮೂರು ಗಂಟೇಲಿ ಊಟ ಮಾಡ್ಬೇಕು, ಕಾಲು ಚಾಚ್ಬೇಕು, ಬಾಯಿ ಮುಚ್ಕೊಂಡು ಕೂರ್ಬೇಕು. ನೀನು ಮೂರು ಸಲದಲ್ಲಿ ಎರಡು ಸಲ ಆ ಹೊತ್ತಲ್ಲೇ ಹೋಗಿ ನಿಂತಿದೀಯ, ಇನ್ನೇನು ಬಂದಾಳು? ಕೊರೋನಾ ಬಂದು 2020ರ ಮಾರ್ಚಲ್ಲಿ ಅಲ್ಲಿನ ಥಿಯೇಟರ್‌ಗಳೆಲ್ಲ ಮುಚ್ಚಿದ್ವು, ಮತ್ತೆ ತೆಗೆದಾಗ ಬಾಗಿಲ ಹತ್ರ ಗುಂಪು ಸೇರಬೇಡಿ ಅಂತಾನೇ ಹೇಳ್ತಿದ್ರು. ಆ ಭಯ ಪೂರ್ತಿ ಹೋಗದೇ ಇರೋರು ಇರ್ತಾರೆ. ಒಬ್ರ ನೆಗಡಿ ಒಬ್ರಿಗೆ ತಗುಲಿದ್ರೆ ಪಾತ್ರಕ್ಕೇ ಏಟು. ಬರಲಿಲ್ಲ ಅಂದ್ರೆ ನಿನ್ ಮೇಲೆ ಕೋಪ ಅಂತ ಅಲ್ಲ, ನೀನು ಅಲ್ಲಿದೀಯ ಅಂತ್ಲೇ ಆಯಮ್ಮಂಗೆ ಗೊತ್ತಿರಲ್ಲ ಕಣವ್ವ.

ಈಗ ಸ್ಟೇಷನ್ ವಿಷಯ. ಇದನ್ನ ಸರಿಯಾಗಿ ಓದು.

ನಮ್ ಹಳ್ಳಿ ನಾಟಕಗಳಲ್ಲಿ ಗಂಡು ಪಾತ್ರ ಎಲ್ಲ ಊರೋರೇ ದುಡ್ಡು ಕಟ್ಟಿ ಮಾಡ್ತಾರೆ, ಕೃಷ್ಣನ ಪಾತ್ರಕ್ಕೆ ರೇಟು ಜಾಸ್ತಿ, ಇಬ್ರು ಮೂವರು ಆಸೆ ಪಟ್ರೆ ಒಂದನೇ ಕೃಷ್ಣ ಎರಡನೇ ಕೃಷ್ಣ ಅಂತ ಹಂಚ್ಕೊಳೋದೂ ಉಂಟು. ಹೆಣ್ಣು ಪಾತ್ರಕ್ಕೆ ಮಾತ್ರ ಹೊರಗಡೆಯಿಂದ ಕಲಾವಿದೆಯರನ್ನ ಕರೆಸ್ತಾರೆ. ಹಂಗೆ ನಮ್ ಜೊತೆ ಬರ್ತಿದ್ದ ಒಬ್ಬ ಹೆಣ್ಮಗಳು ದ್ರೌಪದಿ ಮಾಡೋಳು, ಬಹಳ ಒಳ್ಳೆ ಶಾರೀರ. ಹಾಡು ಮುಗಿದ್ರೆ ಜನ ಸ್ಟೇಜ್ ಹತ್ತಿ ನೋಟು ಪಿನ್ ಮಾಡೋರು, ಮೈಕಲ್ಲಿ ಇಂತೋರಿಂದ ನೂರ ಒಂದು ರೂಪಾಯಿ ಅಂತ ಕೂಗ್ಸೋರು, ಅದೆಲ್ಲ ಸರಿ, ಎಲ್ರ ಮುಂದೆ ಆಗೋದು. ಒಂದು ಊರಲ್ಲಿ ಕರಪತ್ರದಲ್ಲಿ ಕಲಾವಿದರ ಫೋನ್ ನಂಬರ್ ಹಾಕ್ಬಿಟ್ರು. ಅವತ್ತಿಂದ ಶುರುವಾಯ್ತು. ಮೊದಮೊದ್ಲು ಮೇಡಂ ಸೂಪರ್ ಆಗಿ ಹಾಡಿದ್ರಿ ಅಂತ, ಆಮೇಲೆ ಊಟ ಆಯ್ತಾ, ಆಮೇಲೆ ಯಾಕೆ ಫೋನ್ ಎತ್ತಲ್ಲ, ಅಷ್ಟು ಕೊಬ್ಬಾ ನಿಂಗೆ ಅಂತ. ಒಬ್ಬ ಅಂತೂ ಅವಳು ಬಸ್ ಇಳಿಯೋ ಸ್ಟಾಪಲ್ಲಿ ನಿಂತಿದ್ದ, ಕೈಲಿ ಒಂದು ಸೀರೆ ಕವರ್ ಹಿಡ್ಕೊಂಡು. ಕೆಟ್ಟೋನಲ್ಲ ಅವ್ನು, ನಂಗೂ ಪರಿಚಯ, ಹಾಡಿನ ಹುಚ್ಚು ಅಷ್ಟೇ. ಆದ್ರೆ ಅವ್ಳಿಗೆ ಹೆಂಗೆ ಗೊತ್ತಾಗ್ಬೇಕು ಅವ್ನು ಕೆಟ್ಟೋನಲ್ಲ ಅಂತ? ಬೆಳಗಿನ ಜಾವ ಐದೂವರೆ, ಕತ್ಲು, ಒಬ್ಳೇ ಹೆಂಗ್ಸು. ಅವತ್ತಿಂದ ತಮ್ಮನ್ನ ಜೊತೇಲಿ ಕರ್ಕೊಂಡು ಬರಕ್ಕೆ ಶುರು ಮಾಡಿದ್ಲು, ಅವ್ನ ಬಸ್ ಚಾರ್ಜೂ ಊಟದ ಖರ್ಚೂ ಅವ್ಳ ಸಂಭಾವನೇಲೇ ಹೋಗೋದು. ಎರಡು ವರ್ಷಕ್ಕೆ ನಾಟಕ ಬಿಟ್ಟಳು. ನಂಬರ್ ಹಾಕಬೇಡಿ ಅಂತ ಅವತ್ತು ನಾನೊಂದು ಮಾತು ಹೇಳ್ಬಹುದಿತ್ತು, ಪ್ರೂಫ್ ನನ್ ಕೈಗೇ ಬಂದಿತ್ತು, ಹಾರ್ಮೋನಿಯಂ ಮಾಸ್ಟರ್ ಅಂತ ನನ್ ಹೆಸರು ಸರಿಯಾಗಿದ್ಯಾ ಅಂತ ಮಾತ್ರ ನೋಡಿ ಕೊಟ್ಟೆ.

ನೀನು ಹುಡುಗಿ, ನಿಂದು ಬೇರೆ ಅಂತೀಯ. ಆಯಮ್ಮಂಗೆ ನೀನೂ ಸ್ಟೇಷನ್ನಲ್ಲಿ ದಾರಿ ಕಾಯ್ತಿರೋ ಗುರುತಿಲ್ಲದ ಮುಖಾನೇ. ಥಿಯೇಟರ್ ಬಾಗಿಲು ಸರಿ, ಅಲ್ಲಿಗೆ ಜನ ಬರ್ತಾರೆ ಅಂತ ಆಯಮ್ಮಂಗೆ ಗೊತ್ತು, ಮನಸ್ಸಿದ್ರೆ ಬರ್ತಾಳೆ ಇಲ್ದಿದ್ರೆ ಇಲ್ಲ. ಬಾಗಿಲು ದಾಟಿ ರಸ್ತೆಗೆ ಬಿದ್ಮೇಲೆ ಆಯಮ್ಮ ಮನೆಗೆ ಹೋಗ್ತಿರೋ ಹೆಣ್ಮಗಳು. ಆ ಗ್ರೂಪಿಂದ ಆಚೆ ಬಾ ಮೊದ್ಲು. ಮೈಸೂರಲ್ಲಿ ನೋಡು, ರಂಗಾಯಣದ ಕಲಾವಿದ್ರು ದೇವರಾಜ ಮಾರ್ಕೆಟ್ಟಲ್ಲಿ ಸೊಪ್ಪು ಆರಿಸ್ತಿರ್ತಾರೆ, 1989ರಲ್ಲಿ ಬಿ.ವಿ. ಕಾರಂತರು ಆ ನಾಟಕ ಸಂಸ್ಥೆ ಕಟ್ಟಿದಾಗಿಂದ ನೋಡ್ತಿದೀನಿ, ಗುರುತಿರೋರು ನಮಸ್ಕಾರ ಅಂತಾರೆ, ಅವ್ರೂ ನಮಸ್ಕಾರ ಅಂತಾರೆ, ಮುಗೀತು, ಕೊತ್ತಂಬರಿ ಕಟ್ಟು ಕೈಲಿರೋವಾಗ ಯಾರೂ ಒಂದು ರಂಗಗೀತೆ ಹಾಡಿ ಅನ್ನಲ್ಲ. ಅಣ್ಣಾವ್ರು ನಮ್ಮನ್ನ ಅಭಿಮಾನಿ ದೇವರುಗಳು ಅಂದ್ರು. ದೇವರು ಅಂದ್ಮೇಲೆ ಗುಡಿಲಿ ಇರ್ಬೇಕಲ್ವಾ, ಅವ್ರ ಮನೆ ಗೇಟ್ ಹತ್ರ ಬಂದು ಬೆಲ್ ಹೊಡೆಯೋ ದೇವರನ್ನ ನಾನಂತೂ ಕೇಳಿಲ್ಲ.

ಹಂಗಾದ್ರೆ ಏನ್ ಮಾಡ್ಲಿ ದೊಡ್ಡಪ್ಪ ಅಂತೀಯ. ಕಾಗದ ಬರಿ. ಇಮೇಲ್ ಅಲ್ಲ, ಇನ್‌ಸ್ಟಾ ಅಲ್ಲ, ಪೆನ್ನಲ್ಲಿ. ಆಯಮ್ಮನ ಹೆಸರು, ಕೆಳಗೆ ಸ್ಟೇಜ್ ಡೋರ್ ಅಂತ ಥಿಯೇಟರ್ ವಿಳಾಸ. ಅಲ್ಲಿ ಬಾಗಿಲು ಕಾಯೋ ಮನುಷ್ಯ ಇರ್ತಾನಲ್ಲ, ಕಾಗದ ಬಂದ್ರೆ ಅವ್ನೇ ಒಳಗೆ ತಲುಪಿಸ್ತಾನೆ. ನಾಟಕ ಇನ್ನೂ ನಡೀತಿದ್ಯಾ, ಆಯಮ್ಮ ಅದ್ರಲ್ಲಿ ಇನ್ನೂ ಇದಾಳಾ ಅಂತ ನೋಡ್ಕೊಂಡು ಹಾಕು, ಒಪ್ಪಂದ ಮುಗಿದು ಹೋಗ್ಬಿಟ್ಟಿದ್ರೆ ಕಾಗದ ಅಲ್ಲೇ ಧೂಳು ಹಿಡಿಯುತ್ತೆ. ಸಹಿ ಬೇಕು ಅಂದ್ರೆ ನಿನ್ ವಿಳಾಸ ಬರೆದ ಕವರ್ ಒಳಗಿಡು, ಸ್ಟಾಂಪ್ ಹಚ್ಚಿ. ನಿನ್ ಫ್ರೆಂಡು ಮೈಸೂರಿಂದ ಹಂಗೆ ಕಳಿಸ್ತಾಳೆ ಅಂದ್ಯಂತೆ, ಅವ್ಳಿಗೆ ಹೇಳು ನಮ್ ಇಂಡಿಯಾ ಸ್ಟಾಂಪ್ ಅಲ್ಲಿಂದ ವಾಪಸ್ ಬರಕ್ಕೆ ನಡೆಯಲ್ಲ, ಸುಮ್ನೆ ದಂಡ.

ಕಾಗದದಲ್ಲಿ ಏನಿರ್ಬೇಕು ಅಂದ್ರೆ, ಒಂದು ಜಾಗ. ಪರದೆ ಹಿಂದೆ ನಾನು ಹೇಳಕ್ಕಾಗದೇ ಇದ್ದದ್ದು. ಆರು ಸಲ ನೋಡಿದೀಯಲ್ಲ, ಎಲ್ಲಿ ಉಸಿರು ತಗೊಂಡ್ಲು, ಯಾವ ಸಾಲನ್ನ ಮೊದಲನೇ ದಿನ ಒಂಥರ ಹಾಡಿ ನಾಲ್ಕನೇ ದಿನ ಇನ್ನೊಂಥರ ಹಾಡಿದ್ಲು, ಅದನ್ನ ಬರಿ. ನಾಗಮಂಗಲದ ಹತ್ರ ಒಂದೂರಲ್ಲಿ ನಮ್ ಅರ್ಜುನಂಗೆ ನಡುರಾತ್ರಿ ಗಂಟಲು ಕಟ್ಟಿ, ನಾನು ಹಾಡು ಹಾಡಿನ ಮಧ್ಯೆ ಯಾರ್ಗೂ ಗೊತ್ತಾಗ್ದಂಗೆ ಹಾರ್ಮೋನಿಯಂ ಶ್ರುತಿ ಒಂದು ಮನೆ, ಅಂದ್ರೆ ಒಂದು ಕೀ, ಇಳಿಸಿ ಕೊಟ್ಟೆ. ಬೆಳಗ್ಗೆ ಗಾಡಿಗೆ ಸಾಮಾನು ತುಂಬೋವಾಗ ಒಬ್ಬ ಮುದುಕಪ್ಪ ಕಂಬಳಿ ಹೊದ್ಕೊಂಡು ಬಂದು, "ಮೇಷ್ಟ್ರೇ, ಎರಡ್ನೇ ಸೀನಾದ್ಮೇಲೆ ಇಳಿಸ್ಬುಟ್ರಲ್ಲ, ಆ ಹೈದ ಉಳ್ಕೊಂಡ" ಅಂದು ಹೋದ. ಹೆಸರು ಹೇಳಲಿಲ್ಲ, ಫೋಟೋ ಕೇಳಲಿಲ್ಲ. ನಂಗೆ ಹಾಕಿದ ಶಾಲು ಎಷ್ಟು, ಪೇಟ ಎಷ್ಟು ಅಂತ ಲೆಕ್ಕ ಇಲ್ಲ, ಯಾರ್ ಹಾಕಿದ್ರು ಅನ್ನೋದೂ ಮರ್ತೋಗಿದೆ. ಆ ಕಂಬಳಿ ಮುದುಕಪ್ಪನ ಮುಖ ಮಾತ್ರ ಕಣ್ಣಲ್ಲೇ ಇದೆ.

ಇನ್ನು ಬಾಗಿಲ ಹತ್ರ ಹೋಗಲೇಬೇಕು ಅಂದ್ರೆ ರಾತ್ರಿ ಆಟ ಆದ್ಮೇಲೆ ಹೋಗು. ಪೆನ್ನು ನೀನೇ ತಗೊಂಡೋಗು. ಒಂದು ಪ್ರೋಗ್ರಾಂ ಪುಸ್ತಕಕ್ಕೆ ಸಹಿ ಹಾಕಿಸ್ಕೋ, ಹತ್ತು ಫೋಟೋ ಚಾಚಿದ್ರೆ ಮಾರಕ್ಕೆ ತಂದಿದಾಳೆ ಅಂದ್ಕೋತಾರೆ. ಕೇಳದೇ ಮೈ ಮುಟ್ಟಬೇಡ, ಹೆಗಲ ಮೇಲೆ ಕೈ ಹಾಕಬೇಡ. ತಿಂಡಿ ಬೇಡ (ವಡೆ ಕಥೆ ಹೇಳಿದೆನಲ್ಲ). ಕದ್ದು ರೆಕಾರ್ಡ್ ಮಾಡಿರೋ ವಿಡಿಯೋ ನೋಡಿ ಫ್ಯಾನ್ ಆದೆ ಅಂತ ಅಪ್ಪಿತಪ್ಪಿಯೂ ಅನ್ಬೇಡ, ಅದು ಅವ್ರ ಅನ್ನಕ್ಕೆ ಕೈ ಹಾಕಿರೋ ಮಾಲು. ಆಯಮ್ಮ ರಜ ಇದ್ದು ಬದಲಿಗೆ ಅಂಡರ್‌ಸ್ಟಡಿ ಮಾಡಿದ ದಿನ ನೀನು ಟಿಕೆಟ್ ದಂಡ ಅಂತ ಮೂತಿ ಊದಿಸ್ಕೊಂಡ್ಯಂತೆ, ಅದು ಮಾತ್ರ ನಂಗೆ ಬೇಜಾರಾಯ್ತು. ಸ್ವಿಂಗ್ ಅಂತಾರಂತಲ್ಲ, ಐದಾರು ಜನರ ಹೆಜ್ಜೆ ಹಾಡು ಎಲ್ಲ ಒಬ್ರೇ ಕಲ್ತಿಟ್ಕೊಂಡು ಯಾವತ್ತು ಕರೀತಾರೋ ಅಂತ ಕೂತಿರ್ತಾರೆ, ಅಂಥೋರಿಗೆ ಬಾಗಿಲಲ್ಲಿ ಒಬ್ರೂ ಹೆಸರು ಹಿಡಿದು ಕೂಗಲ್ಲ. ಅವ್ರಿಗೂ ಒಂದು ಕಾಗದ ಬರಿ, ನನ್ ಮಾತು ಕೇಳು.

ಇನ್‌ಸ್ಟಾದಲ್ಲಿ ಇಪ್ಪತ್ತೊಂದನೇ ಮೆಸೇಜ್ ಹಾಕಬೇಡ. ಹಾಕಿರೋದು ಸಾಕು. ಇನ್ನೊಂದು, ಆಯಮ್ಮನ ಹೆಸರಲ್ಲೇ ಯಾವ್ದಾದ್ರೂ ಅಕೌಂಟಿಂದ ತಾನಾಗೇ ಮೆಸೇಜ್ ಬಂದು, ನೀನು ನನ್ ಬೆಸ್ಟ್ ಫ್ಯಾನ್, ವಾಟ್ಸಾಪಿಗೆ ಬಾ, ಟೆಲಿಗ್ರಾಂಗೆ ಬಾ ಅಂದ್ರೆ ಬ್ಲಾಕ್ ಮಾಡು. ಇಲ್ಲಿ ನಮ್ ಬೀದಿ ಹುಡುಗ ಒಬ್ಬ ಹಂಗೇ ಒಬ್ಬ ಸಿಂಗರ್ ಹೆಸರಿನೋರಿಗೆ ಫ್ಯಾನ್ ಕಾರ್ಡ್ ಅಂತ ಎಂಟು ಸಾವಿರ ಕಳಿಸಿ ಕೂತಿದ್ದ, ನಾನೇ ಸೈಬರ್ ವಂಚನೆ ಸಹಾಯವಾಣಿ 1930ಕ್ಕೆ ಫೋನ್ ಮಾಡಿಸ್ದೆ, ದುಡ್ಡು ಇನ್ನೂ ಬಂದಿಲ್ಲ, ಅವ್ರಪ್ಪಂಗೂ ಇನ್ನೂ ಹೇಳಿಲ್ಲ.

ಉತ್ತರ ಬರದೇ ಇರ್ಬಹುದು. ಬರದೇ ಇರೋದೇ ಹೆಚ್ಚು. ಓದಿ ಮೇಜಿನ ಡ್ರಾಯರಲ್ಲಿ ಇಟ್ಕೊಂಡಿರ್ತಾರೆ, ನಿಂಗೆ ಗೊತ್ತಾಗಲ್ಲ ಅಷ್ಟೇ.

ಕಾಗದ ಅಂಚೆಗೆ ಹಾಕೋ ಮುಂಚೆ ಫೋಟೋ ತೆಗೆದು ನಂಗೊಂದು ಕಳಿಸು. ನಿನ್ ಇಂಗ್ಲಿಷ್ ತಿದ್ದಕ್ಕೆ ನಂಗೆ ಬರಲ್ಲ, ಜಾಗ ಬರೆದಿದೀಯೋ ಇಲ್ವೋ ಅಂತ ನೋಡಕ್ಕೆ. ಸುಗ್ಗಿ ಆದ್ಮೇಲೆ ನಮ್ಮೂರಲ್ಲಿ ಕುರುಕ್ಷೇತ್ರ ಇದೆ, ಹಾರ್ಮೋನಿಯಂ ತಿದಿ ಹರಿದಿತ್ತು, ಮೈಸೂರಿಗೆ ತಗೊಂಡೋಗಿ ಹೊಲಿಸ್ಕೊಂಡು ಬಂದಿದೀನಿ. ಕೃಷ್ಣನ ಪಾತ್ರಕ್ಕೆ ಈ ಸಲ ನಿಮ್ಮಪ್ಪ ದುಡ್ಡು ಕಟ್ಟವ್ನೆ, ನಿಂಗೆ ಹೇಳಬೇಡ ಅಂದಿದ್ದ. ಮೂರು ತಿಂಗಳಿಂದ ಒಂದೇ ಕಂದ ಕಲೀತವ್ನೆ, ಶ್ರುತಿ ಎಲ್ಲೋ ಅವ್ನು ಎಲ್ಲೋ.

ಇಂತಿ ನಿನ್ನ
ದೊಡ್ಡಪ್ಪ