ಲ್ಯಾಪ್‌ಟಾಪ್ ಕೊಡುವಾಗ ಒಂದು ಮೌಸ್ ಸಹ ಕೊಡಿ

ಸಂಪಾದಕರಿಗೆ ನಮಸ್ಕಾರ,

ಕಾಲೇಜು ಶುರು ಆಗುವ ಹೊತ್ತಿಗೆ ಮಕ್ಕಳಿಗೆ ಲ್ಯಾಪ್‌ಟಾಪ್ ತೆಗೆದುಕೊಡುವವರು ತುಂಬ ಜನ, ಆಫೀಸುಗಳಲ್ಲೂ ಹಳೇ ಕಂಪ್ಯೂಟರ್ ತೆಗೆದು ಲ್ಯಾಪ್‌ಟಾಪ್ ಇಡ್ತಾ ಇದ್ದಾರೆ, ಆದ್ರೆ ಜೊತೆಗೊಂದು ಮೌಸ್ ಬೇಕು ಅಂತ ಹೆಚ್ಚಿನವರಿಗೆ ಅನ್ನಿಸುದೇ ಇಲ್ಲ. ಕೇಳಿದ್ರೆ "ಟಚ್‌ಪ್ಯಾಡ್ ಉಂಟಲ್ಲ, ಮತ್ತೆಂತಕ್ಕೆ" ಅಂತಾರೆ. ನಾನು ಉಡುಪಿಯಲ್ಲಿ ಡಿಟಿಪಿ ಕೆಲಸ ಮಾಡುವವ, ಮದುವೆ ಕಾಗದ, ಯಕ್ಷಗಾನದ ಹ್ಯಾಂಡ್‌ಬಿಲ್, ಬ್ರಹ್ಮಕಲಶದ ಆಮಂತ್ರಣ ಎಲ್ಲ ಮಾಡುದು, ಹಾಗಾಗಿ ಇದನ್ನು ಬರೀಲೇಬೇಕು ಅನ್ನಿಸ್ತು.

ಟಚ್‌ಪ್ಯಾಡ್ ನೋಡುದು ನಾವು ಎಷ್ಟು ಜೋರು ಒತ್ತಿದ್ದೇವೆ ಅಂತ ಅಲ್ಲ, ಬೆರಳು ತಾಗಿದಾಗ ಅಲ್ಲಿ ವಿದ್ಯುತ್ತಿನಲ್ಲಿ ಆಗುವ ಸಣ್ಣ ಬದಲಾವಣೆಯನ್ನು. ಬೆವರು, ನೀರು ತಾಗಿದ್ರೂ ಅದಕ್ಕೆ ಗಲಿಬಿಲಿ. ನಮ್ಮ ಕರಾವಳಿಯ ಏಪ್ರಿಲ್ ಮೇ ಸೆಕೆಯಲ್ಲಿ ಕರೆಂಟ್ ಹೋಗಿ ಫ್ಯಾನ್ ನಿಂತ್ರೆ ಸಾಕು, ಬೆರಳು ಅಂಟ್ತದೆ, ಬಾಣದ ಗುರ್ತು ಎಲ್ಲೆಲ್ಲಿಗೋ ಹಾರ್ತದೆ. ಮಳೆಗಾಲದಲ್ಲಿ ಕೊಡೆ ಮಡಚಿ ಒದ್ದೆ ಕೈಯಲ್ಲೇ ಕೂತವರದ್ದೂ ಇದೇ ಕಥೆ. ಆಪ್ಟಿಕಲ್ ಮೌಸಿಗೆ ಈ ತಲೆಬಿಸಿ ಇಲ್ಲ, ಅದು ನೋಡುದು ಕೆಳಗಿನ ಮೇಜನ್ನು, ನಮ್ಮ ಕೈಯನ್ನಲ್ಲ (ಗಾಜಿನ ಮೇಜಾದ್ರೆ ಮಾತ್ರ ಅಡಿಗೆ ಒಂದು ಪ್ಯಾಡ್ ಹಾಕಿ).

ಟೈಪಿಂಗ್‌ನಲ್ಲಿ ಇನ್ನೂ ಕಷ್ಟ. ಕನ್ನಡ ಟೈಪಿಂಗಿನ ನುಡಿ ಸಾಫ್ಟ್‌ವೇರಲ್ಲಿ ಸ್ಪೀಡಾಗಿ ಹೊಡೀತಾ ಇರ್ತೇವೆ, ಅಂಗೈ ಒಂಚೂರು ಟಚ್‌ಪ್ಯಾಡಿಗೆ ತಾಗಿತೋ, ಕರ್ಸರ್ ಎರಡು ಸಾಲು ಮೇಲೆ ಹೋಗಿ ಕೂತಿರ್ತದೆ, ಕಲ್ಯಾಣಮಂಟಪದ ಹೆಸರು ವರನ ತಂದೆಯ ಹೆಸರಿನ ಮಧ್ಯ ಹೊಕ್ಕಿರ್ತದೆ, ಪ್ರೂಫ್‌ನಲ್ಲಿ ಕಣ್ತಪ್ಪಿದ್ರೆ ಹಾಗೇ ಪ್ರಿಂಟ್. ಹಾಗೆಯೇ ಡಿಸೈನ್ ಮಾಡುವ ಕೋರಲ್‌ಡ್ರಾ ಸಾಫ್ಟ್‌ವೇರಲ್ಲಿ ಒಂದು ಒತ್ತಕ್ಷರದ ತುದಿಯ ನೋಡ್ (ಆಕಾರ ಬದಲಿಸ್ಲಿಕ್ಕೆ ಹಿಡಿಯುವ ಚುಕ್ಕಿ) ಹಿಡಿದು ಕೂದಲೆಳೆಯಷ್ಟು ಸರಿಸಬೇಕು ಅಂತಿಟ್ಟುಕೊಳ್ಳಿ, ಟಚ್‌ಪ್ಯಾಡಲ್ಲಿ ಒಂದು ಬೆರಳು ಒತ್ತಿ ಹಿಡಿದು ಇನ್ನೊಂದರಲ್ಲಿ ಎಳೀಬೇಕು, ಎಳೆದು ಬಿಡುವಾಗ ಅದು ಮತ್ತೆ ಸ್ವಲ್ಪ ಜಾರ್ತದೆ. ಮೌಸಲ್ಲಿ ಅದೇ ಕೆಲಸ ಕಣ್ಮುಚ್ಚಿ ತೆಗೆಯುವುದರೊಳಗೆ ಮುಗೀತದೆ.

ಹಾಗಂತ ಟಚ್‌ಪ್ಯಾಡ್ ಪ್ರಯೋಜನ ಇಲ್ಲ ಅಂತಲ್ಲ. ಬಸ್ಸಲ್ಲಿ, ರೈಲಲ್ಲಿ ತೊಡೆ ಮೇಲೆ ಇಟ್ಟು ಕೆಲಸ ಮಾಡುವವರಿಗೆ ಬೇರೆ ದಾರಿ ಎಲ್ಲುಂಟು? ಉದ್ದದ ಪಿಡಿಎಫ್ ಓದುವಾಗ ಎರಡು ಬೆರಳಲ್ಲಿ ಜಾರಿಸುದು ನಿಜಕ್ಕೂ ಸುಖ. 1991ರ ಆ್ಯಪಲ್ ಪವರ್‌ಬುಕ್ ಲ್ಯಾಪ್‌ಟಾಪುಗಳಲ್ಲಿ ಬಾಣ ಸರಿಸ್ಲಿಕ್ಕೆ ಉರುಳಿಸುವ ಚೆಂಡು ಇತ್ತು, 1994ರಲ್ಲಿ ಬಂದ ಹೊಸ ಪವರ್‌ಬುಕ್‌ಗಳಲ್ಲಿ ಅದರ ಜಾಗಕ್ಕೆ ಟಚ್‌ಪ್ಯಾಡ್ ಬಂತು. ಧೂಳು ಹಿಡಿಯುದಿಲ್ಲ, ತೆಳ್ಳಗೆ ಮಾಡಬಹುದು, ಅದೆಲ್ಲ ಒಪ್ತೇನೆ. ಆದ್ರೆ ಬರೇ ಟೈಪಿಂಗ್ ಕೆಲಸದವರಿಗೆ ನನ್ನ ಪ್ರಕಾರ ಅದಕ್ಕಿಂತ ಒಳ್ಳೇದು ಐಬಿಎಂ ಕಂಪೆನಿಯ ಟೆಡ್ ಸೆಲ್ಕರ್ ಮಾಡಿದ, ಬೆರಳಲ್ಲಿ ದೂಡಿ ಬಾಣ ಸರಿಸುವ ಆ ಕೆಂಪು ಗುಂಡಿ, 1992ರ ಥಿಂಕ್‌ಪ್ಯಾಡ್ ಲ್ಯಾಪ್‌ಟಾಪಿನಿಂದ ಬಂದದ್ದು, ಜಿ, ಎಚ್, ಬಿ ಕೀಗಳ ನಡುವೆ ಇರ್ತದೆ, ಕೀಬೋರ್ಡಿಂದ ಕೈ ತೆಗೆಯುವ ಕೆಲಸವೇ ಇಲ್ಲ. ಬೇಸರ ಅಂದ್ರೆ ಹೆಚ್ಚಿನ ಲ್ಯಾಪ್‌ಟಾಪುಗಳಲ್ಲಿ ಅದು ಇಲ್ಲ.

ಹಾಗಾಗಿ ಆಫೀಸುಗಳಿಗೆ ಕೊಟೇಶನ್ ಕರೆಯುವವರು, ಹೆತ್ತವರು, ಕಂಪ್ಯೂಟರ್ ಕ್ಲಾಸ್ ನಡೆಸುವವರು ಎಲ್ಲರಲ್ಲೂ ಕೇಳಿಕೊಳ್ಳುದು, ಲ್ಯಾಪ್‌ಟಾಪಿನ ಲೆಕ್ಕದಲ್ಲೇ ಒಂದು ಸಾದಾ ವಯರಿನ ಮೌಸ್ ಸಹ ಸೇರಿಸಿ, ಲ್ಯಾಪ್‌ಟಾಪಿನ ರೇಟಿನ ಮುಂದೆ ಅದು ಏನೂ ಅಲ್ಲ. ಮೌಸ್ ಹಾಕಿದಾಗ ಟಚ್‌ಪ್ಯಾಡ್ ತನ್ನಷ್ಟಕ್ಕೆ ಬಂದ್ ಆಗುವ ಹಾಗೆ ವಿಂಡೋಸ್‌ನ ಟಚ್‌ಪ್ಯಾಡ್ ಸೆಟ್ಟಿಂಗಲ್ಲಿ ಒಂದು ಟಿಕ್ ತೆಗೆದ್ರೆ ಆಯ್ತು, ಅಂಗೈ ತಾಗಿ ಕರ್ಸರ್ ಹಾರುವ ಕಾಟವೂ ಇರುದಿಲ್ಲ.

– ಒಬ್ಬ ಡಿಟಿಪಿ ಕೆಲಸಗಾರ, ಉಡುಪಿ