ಸಿ.ಟಿ. ಟೆಕ್ನಾಲಜಿಸ್ಟ್ ಆಗಬೇಕೆನ್ನುವ ಮಕ್ಕಳಿರುವ ಮನೆಯವರಿಗೆ

ಎಲ್ಲರಿಗೂ ನಮಸ್ಕಾರ. ಪಿಯುಸಿ ಮುಗಿಸಿದ ಮಕ್ಕಳು ಸಿ.ಟಿ. ಟೆಕ್ನಾಲಜಿಸ್ಟ್, ಅಂದರೆ ಆಸ್ಪತ್ರೆಯಲ್ಲಿ ಸಿ.ಟಿ. ಸ್ಕ್ಯಾನ್ ಮಾಡುವವರು, ಆಗಲು ಏನು ಓದಬೇಕು ಎಂದು ಹಲವರು ಕೇಳುತ್ತಿದ್ದೀರಿ, ಅದಕ್ಕೇ ಒಟ್ಟಿಗೆ ಬರೆಯುತ್ತಿದ್ದೇನೆ.

ಪಿಯುಸಿಯಲ್ಲಿ ಭೌತಶಾಸ್ತ್ರ, ರಸಾಯನಶಾಸ್ತ್ರ, ಜೀವಶಾಸ್ತ್ರ ಓದಿದವರು ರಾಜೀವ್ ಗಾಂಧಿ ಆರೋಗ್ಯ ವಿಶ್ವವಿದ್ಯಾಲಯದ ಬಿ.ಎಸ್ಸಿ. ಮೆಡಿಕಲ್ ಇಮೇಜಿಂಗ್ ಟೆಕ್ನಾಲಜಿಗೆ (ಎಕ್ಸ್-ರೇ, ಸ್ಕ್ಯಾನ್ ತೆಗೆಯುವುದನ್ನು ಕಲಿಸುವ ಪದವಿ) ಸೇರಬಹುದು. ಇದೇ ವಿಷಯದ ಪ್ಯಾರಾಮೆಡಿಕಲ್ ಬೋರ್ಡಿನ ಡಿಪ್ಲೊಮಾಕ್ಕೆ ಎಸ್ಸೆಸ್ಸೆಲ್ಸಿ ಆದವರಿಗೂ ಅವಕಾಶವಿದೆ. ಓದಲು ಸಾಧ್ಯವಿದ್ದರೆ ಪದವಿಯೇ ಮಾಡಿಸಿ ಎಂಬುದು ನನ್ನ ಅಭಿಪ್ರಾಯ, ಮುಂದೆ ಎಂ.ಎಸ್ಸಿ.ಗೂ ದಾರಿ ಸಿಗುತ್ತದೆ. ಮಾನ್ಯತೆ ಇಲ್ಲದ ಸರ್ಟಿಫಿಕೇಟ್ ಕೋರ್ಸಿಗೆ ಮಾತ್ರ ದಯವಿಟ್ಟು ದುಡ್ಡು ಕಟ್ಟಬೇಡಿ.

ಇದು ಬರೀ ಬಟನ್ ಒತ್ತುವ ಕೆಲಸ ಅಲ್ಲ. ಕಾಂಟ್ರಾಸ್ಟ್ (ಚಿತ್ರ ಸ್ಪಷ್ಟವಾಗಲು ರಕ್ತನಾಳಕ್ಕೆ ಕೊಡುವ ಔಷಧಿ) ಕೊಡುವ ಮೊದಲು ಮೂತ್ರಪಿಂಡದ ಸ್ಥಿತಿ ತಿಳಿಸುವ ಕ್ರಿಯಾಟಿನಿನ್ ರಿಪೋರ್ಟ್ ನೋಡಬೇಕು, ಹಿಂದೆ ಅಲರ್ಜಿ ಆಗಿತ್ತಾ ಎಂದು ಕೇಳಬೇಕು, ರಕ್ತನಾಳಕ್ಕೆ ಹಾಕಿದ ಸಣ್ಣ ಕೊಳವೆ, ಅಂದರೆ ಕ್ಯಾನುಲಾದಲ್ಲಿ ಸಲೈನ್ ಸರಾಗವಾಗಿ ಹೋಗುತ್ತದೆಯೇ ಎಂದು ಪರೀಕ್ಷಿಸಬೇಕು. "ಮೈಯೆಲ್ಲಾ ಬಿಸಿ ಆದಂಗಾಗುತ್ತೆ ಅಜ್ಜಿ, ಗಾಬರಿ ಆಗ್ಬೇಡಿ" ಅಂತ ಮೊದಲೇ ಹೇಳಿದರೆ ಅವರು ಅಲುಗಾಡದೆ ಮಲಗುತ್ತಾರೆ, ಚಿತ್ರವೂ ಸ್ಪಷ್ಟವಾಗಿ ಬರುತ್ತದೆ.

ವಿಕಿರಣದ ಭಯ ಸಹಜ. ಸಿಬ್ಬಂದಿಗೆ ಐದು ವರ್ಷದ ಸರಾಸರಿಯಲ್ಲಿ ವರ್ಷಕ್ಕೆ 20 ಮಿಲಿಸೀವರ್ಟ್ (ಮೈಗೆ ತಗಲುವ ವಿಕಿರಣದ ಅಳತೆ) ಮಿತಿ ಇದೆ, ಯಾವ ಒಂದು ವರ್ಷವೂ 30 ದಾಟುವಂತಿಲ್ಲ. ತಗಲಿದ ವಿಕಿರಣ ಅಳೆಯಲು ಮೈಮೇಲೆ ಧರಿಸುವ ಟಿ.ಎಲ್.ಡಿ. ಬ್ಯಾಡ್ಜ್ ಕೊಡದ ಕಡೆ ಮಕ್ಕಳನ್ನು ಕೆಲಸಕ್ಕೆ ಕಳಿಸಬೇಡಿ.

ಕಾಲೇಜಿನ ಬಗ್ಗೆ ಅನುಮಾನವಿದ್ದರೆ ಪ್ರವೇಶಕ್ಕೆ ಮುಂಚೆಯೇ ಇಲ್ಲಿ ಕೇಳಿ.