ಪುಣೆಯಲ್ಲಿ ಕೆಲಸವಿದೆ, ಏಳು ತಿಂಗಳಿಗೊಮ್ಮೆ ಬ್ರೇಕೂ ಇದೆ

ಮಾನ್ಯ ಸಂಪಾದಕರೇ,

ಪುಣೆ ಜಿಲ್ಲೆಯಲ್ಲಿ ಕೆಲಸಕ್ಕೆ ಬರವಿಲ್ಲ ಎಂಬ ಮಾತು ಬೀದರ, ಕಲಬುರಗಿ, ವಿಜಯಪುರದ ಐಟಿಐಗಳಲ್ಲಿ ಈಗಲೂ ಓಡುತ್ತದೆ. ಮಾತು ಸುಳ್ಳಲ್ಲ. ಚಾಕಣ, ತಳೇಗಾಂವ, ರಾಂಜಣಗಾಂವ, ಭೋಸರಿಗಳಲ್ಲಿ ದೊಡ್ಡ ವಾಹನ ಕಂಪನಿಗಳಿವೆ, ಅವಕ್ಕೆ ಬಿಡಿಭಾಗ ಒದಗಿಸುವ ಸಣ್ಣ ಶೆಡ್ಡುಗಳಿವೆ. ಫಿಟ್ಟರ್, ವೆಲ್ಡರ್, ಸಿಎನ್‌ಸಿ ಆಪರೇಟರ್ ಬೇಕೆಂಬ ಬೋರ್ಡುಗಳಿಗೂ ಕೊರತೆಯಿಲ್ಲ. ಆ ಬೋರ್ಡು ನೋಡಿ ಸೊಲ್ಲಾಪುರದ ಮೇಲೆ ಬಸ್ಸು ಹಿಡಿದು ಬರುವ ನಮ್ಮ ಹುಡುಗರಿಗೆ ಹೆಚ್ಚಾಗಿ ಸಿಗುವುದು ಕಂಪನಿಯ ನೌಕರಿಯಲ್ಲ, ಗುತ್ತಿಗೆದಾರನ ಹಾಜರಿ ಪುಸ್ತಕದಲ್ಲೊಂದು ಸಾಲು.

ಏಳು ತಿಂಗಳು ದುಡಿಸಿ 'ಬ್ರೇಕ್' ಕೊಡುವುದು, ಅಂದರೆ ಹೆಸರು ಕಡಿದು ಕೆಲ ದಿನ ಮನೆಗೆ ಕಳಿಸುವುದು, ಈ ಕೈಗಾರಿಕಾ ಪಟ್ಟಿಯಲ್ಲಿ ರೂಢಿ. ಕಾರಣ ಸರಳ. ವರ್ಷದಲ್ಲಿ 240 ದಿನ ದುಡಿದವನನ್ನು ತೆಗೆಯಬೇಕಾದರೆ ನೋಟಿಸು, ಪರಿಹಾರ ಕೊಡಬೇಕೆಂದು ಕಾನೂನು ಹೇಳುತ್ತದೆ. ಏಳು ತಿಂಗಳೆಂದರೆ ಸುಮಾರು 210 ದಿನ, ಗೆರೆಯ ಈಚೆಗೇ ನಿಲ್ಲುತ್ತದೆ. ಕೆಲ ದಿನ ಊರಿಗೆ ಹೋಗಿ ಬಂದ ಹುಡುಗ ಅದೇ ಮಷಿನ್ನಿಗೆ, ಅದೇ ಶಿಫ್ಟಿಗೆ ನಿಲ್ಲುತ್ತಾನೆ. ಪಗಾರ ಚೀಟಿಯ ಮೇಲೆ ಮಾತ್ರ ಬೇರೊಬ್ಬ ಗುತ್ತಿಗೆದಾರನ ಹೆಸರು. 2025ರ ನವೆಂಬರ್ 21ರಿಂದ ಜಾರಿಗೆ ಬಂದ ಕಾರ್ಮಿಕ ಸಂಹಿತೆಗಳು ಎಲ್ಲರಿಗೂ ನೇಮಕಾತಿ ಪತ್ರ ಕಡ್ಡಾಯ ಮಾಡಿವೆ, ನಿಗದಿತ ಅವಧಿಯ ನೌಕರನಿಗೆ ಒಂದು ವರ್ಷಕ್ಕೇ ಗ್ರಾಚ್ಯುಟಿ (ಕೆಲಸ ಬಿಡುವಾಗ ಸಿಗುವ ಇಡಿಗಂಟು) ಎಂದಿವೆ. ಒಳ್ಳೆಯ ಹೆಜ್ಜೆ. ಆದರೆ ಏಳನೇ ತಿಂಗಳಿಗೇ ಹೆಸರು ಕಡಿದರೆ ವರ್ಷ ತುಂಬುವುದು ಯಾವಾಗ?

ಇದರ ನಿಜವಾದ ಪೆಟ್ಟು ಬೀಳುವುದು ಪಿಎಫ್ (ಭವಿಷ್ಯ ನಿಧಿ) ಮತ್ತು ಇಎಸ್‌ಐ (ಕಾರ್ಮಿಕರ ಸರ್ಕಾರಿ ಆರೋಗ್ಯ ವಿಮೆ) ಮೇಲೆ. ಒಂದು ಲೆಕ್ಕ ನೋಡಿ. ಒಟ್ಟು ಪಗಾರ 20,000, ಅದರಲ್ಲಿ ಬೇಸಿಕ್ ಮತ್ತು ಡಿಎ 15,000 ಎಂದಿಟ್ಟುಕೊಳ್ಳಿ. ಕಾರ್ಮಿಕನ ಪಾಲಿನ ಪಿಎಫ್ ಶೇ 12ರಂತೆ 1,800, ಇಎಸ್‌ಐ ಶೇ 0.75ರಂತೆ 150, ವೃತ್ತಿ ತೆರಿಗೆ 200. ಕೈಗೆ 17,850 ಬರಬೇಕು. ಮಾಲೀಕನ ಪಾಲು ಬೇರೆ: ಪಿಎಫ್ 1,800 (ಇದರಲ್ಲಿ 1,250 ಪಿಂಚಣಿಗೆ, 550 ಪಿಎಫ್ ಖಾತೆಗೆ), ಇಎಸ್‌ಐ ಶೇ 3.25ರಂತೆ 650. ಈ 2,450 ರೂಪಾಯಿಯನ್ನೂ ಕೆಲವರು 'ಸಿಟಿಸಿ' (ಕಾರ್ಮಿಕನಿಗಾಗಿ ಕಂಪನಿಗೆ ತಗಲುವ ಒಟ್ಟು ಖರ್ಚು) ಎಂಬ ಹೆಸರಲ್ಲಿ ಕಾರ್ಮಿಕನ ಪಗಾರದಿಂದಲೇ ಮುರಿಯುತ್ತಾರೆ, ಕೈಗೆ 15,400 ಉಳಿಯುತ್ತದೆ. ಮಾಲೀಕನ ಪಾಲನ್ನು ಪಗಾರದಲ್ಲಿ ಹಿಡಿಯುವಂತಿಲ್ಲ, ಕಾನೂನು ಈ ವಿಷಯದಲ್ಲಿ ಸ್ಪಷ್ಟ. ಚೀಟಿಯಲ್ಲಿ ಪಿಎಫ್ ಸಾಲು 3,600 ಎಂದಿದ್ದರೆ ಅಲ್ಲೇ ಕೇಳಬೇಕು.

ಮುರಿದ ಹಣ ಕಟ್ಟಿದ್ದಾರೆಯೇ ಎಂಬುದು ಇನ್ನೊಂದು. ಆಯಾ ತಿಂಗಳ ಪಿಎಫ್, ಇಎಸ್‌ಐ ಮುಂದಿನ ತಿಂಗಳ 15ರೊಳಗೆ ಜಮಾ ಆಗಬೇಕು. ಯುಎಎನ್‌ಗೆ (ಪಿಎಫ್ ಸದಸ್ಯನ ಕಾಯಂ ನಂಬರಿಗೆ) ಜೋಡಿಸಿದ ಮೊಬೈಲಿನಿಂದ 99660 44425ಕ್ಕೆ ಮಿಸ್ಡ್ ಕಾಲ್ ಕೊಟ್ಟರೆ ಕೊನೆಯ ಜಮಾ ಸಂದೇಶವಾಗಿ ಬರುತ್ತದೆ. ಖರ್ಚಿಲ್ಲ. ಮೂರು ತಿಂಗಳು ಬಿಟ್ಟು ನೋಡುವಷ್ಟರಲ್ಲಿ ಗುತ್ತಿಗೆದಾರನೇ ಬದಲಾಗಿರುತ್ತಾನೆ, ಹಾಗಾಗಿ ತಿಂಗಳು ತಿಂಗಳು ನೋಡುವುದೇ ಸರಿ.

ಯುಎಎನ್ ಜನ್ಮಕ್ಕೆ ಒಂದೇ. ಹಳೆಯದು ಹೇಳದಿದ್ದರೆ ಎರಡನೆಯದು ಹುಟ್ಟಿಕೊಂಡು ಸೇವೆ ಎರಡು ಚೂರಾಗುತ್ತದೆ. ಹಳೆಯ ಗುತ್ತಿಗೆದಾರ ಬಿಟ್ಟ ದಿನಾಂಕ ತುಂಬದಿದ್ದರೆ ಹಣ ವರ್ಗಾವಣೆ ಅಲ್ಲೇ ಸಿಕ್ಕಿಕೊಳ್ಳುತ್ತದೆ. ಕೊನೆಯ ಜಮಾ ಆಗಿ ಎರಡು ತಿಂಗಳಾದ ಮೇಲೆ ಕಾರ್ಮಿಕನೇ ಪಿಎಫ್ ಪೋರ್ಟಲ್‌ನ 'ಮ್ಯಾನೇಜ್' ಪಟ್ಟಿಯಲ್ಲಿ 'ಮಾರ್ಕ್ ಎಕ್ಸಿಟ್' ಒತ್ತಿ ಅದನ್ನು ತುಂಬಬಹುದು. ನಮ್ಮವರಿಗೇ ಕಾಡುವ ತೊಡಕು ಹೆಸರಿನದು. ಇಲ್ಲಿನ ಫಾರಂನಲ್ಲಿ ಸ್ವಂತ ಹೆಸರು, ತಂದೆಯ ಹೆಸರು, ಅಡ್ಡಹೆಸರು ಎಂದು ಮೂರು ಮನೆ. ನಮ್ಮ ಆಧಾರ್‌ನಲ್ಲಿ ಎಷ್ಟೋ ಸಲ ಒಂದು ಹೆಸರು, ಮುಂದೊಂದು ಇನಿಷಿಯಲ್. ಆಫೀಸಿನ ಗುಮಾಸ್ತ ತನ್ನ ರೂಢಿಯಂತೆ ಖಾಲಿ ಮನೆ ತುಂಬಿದರೆ ಮುಂದೆ ಕ್ಲೇಮು ತಿರಸ್ಕಾರವಾಗುತ್ತದೆ. ಸೇರುವ ದಿನವೇ ಆಧಾರ್‌ನಲ್ಲಿದ್ದ ಅಕ್ಷರಗಳನ್ನೇ ಬರೆಸಬೇಕು.

ಬ್ರೇಕ್ ಬಂದಾಗಲೆಲ್ಲ ಸೈಬರ್ ಅಂಗಡಿಯ ಏಜೆಂಟನಿಗೆ ಪಾಲು ಕೊಟ್ಟು ಪಿಎಫ್ ತೆಗೆಸುವ ಚಟ ಬಿಡಬೇಕೆಂದು ನಾವು ಕೈಮುಗಿದು ಕೇಳುತ್ತೇವೆ. ಫಾರಂ 10ಸಿ ಹಾಕಿ ಪಿಂಚಣಿಯ ಹಣ ಹಿಂಪಡೆದರೆ ಆವರೆಗಿನ ಸೇವೆ ಅಳಿಸಿಹೋಗುತ್ತದೆ. ಪಿಂಚಣಿಗೆ ಬೇಕಾದ ಹತ್ತು ವರ್ಷ ಮತ್ತೆ ಸೊನ್ನೆಯಿಂದ ಎಣಿಸಬೇಕು.

ಇಎಸ್‌ಐ ವಿಷಯದಲ್ಲಿ ಎರಡು ಮಾತು. ಕಾಯಿಲೆಯ ರಜೆಗೆ ಶೇ 70 ಪಗಾರ ಸಿಗಬೇಕಾದರೆ ಆರು ತಿಂಗಳ ವಂತಿಗೆ ಅವಧಿಯಲ್ಲಿ 78 ದಿನದ ಜಮಾ ಇರಬೇಕು. ಹೊಸ ಗುತ್ತಿಗೆದಾರ ಹೊಸ ವಿಮಾ ನಂಬರು ತೆಗೆದರೆ ದಿನಗಳು ಎರಡು ನಂಬರಿಗೆ ಹಂಚಿಹೋಗಿ ಯಾವುದರಲ್ಲೂ 78 ತುಂಬದೆ ಹೋಗಬಹುದು. ಹಳೆಯ ನಂಬರೇ ಮುಂದುವರಿಯಬೇಕು. ಕೆಲಸದಲ್ಲಿ ಪೆಟ್ಟಾದರೆ ಈ 78ರ ಷರತ್ತಿಲ್ಲ, ಮೊದಲ ದಿನದಿಂದಲೇ ರಕ್ಷಣೆಯಿದೆ, ಪಗಾರದ ಶೇ 90ರಷ್ಟು ಸಿಗುತ್ತದೆ. ಪವರ್ ಪ್ರೆಸ್ಸಿನ (ತಗಡು ಒತ್ತುವ ಯಂತ್ರದ) ಕೆಲಸ ಮಾಡುವವರು ಇದನ್ನು ಬಾಯಿಪಾಠ ಮಾಡಬೇಕು. ಸೆನ್ಸರ್ ಕಿತ್ತು, ಎರಡು ಕೈ ಬಟನ್ನಿನ ಬದಲು ಪೆಡಲಿನಲ್ಲಿ ಪ್ರೆಸ್ ಓಡಿಸುವ ಶೆಡ್ಡುಗಳಲ್ಲಿ ಬೆರಳು ಹೋಗುತ್ತವೆ; ಬೆರಳು ಹೋದ ಮೇಲೆ ನೋಂದಣಿಗೆ ಓಡುವ ಮಾಲೀಕರೂ ಇದ್ದಾರೆ. ಪ್ರೆಸ್ ಮುಟ್ಟುವ ಮೊದಲೇ ಇಎಸ್‌ಐ ಗುರುತಿನ ಚೀಟಿಯಾದ ಪೆಹಚಾನ್ ಕಾರ್ಡು ಕೈಯಲ್ಲಿರಲಿ.

ಕಾಯಂ ನೌಕರಿಯೂ ಗಟ್ಟಿ ಎನ್ನಲಾಗದು. ತಳೇಗಾಂವದ ಜನರಲ್ ಮೋಟಾರ್ಸ್ 2020ರ ಡಿಸೆಂಬರಿನಲ್ಲಿ ಉತ್ಪಾದನೆ ನಿಲ್ಲಿಸಿದಾಗ ಸಾವಿರಕ್ಕೂ ಹೆಚ್ಚು ಕಾರ್ಮಿಕರು ಅತಂತ್ರರಾದರು. ಆ ಸ್ಥಾವರ ಈಗ ಹ್ಯುಂಡೈ ಕೈಯಲ್ಲಿದೆ. ಅವರಿಗೆ ಯೂನಿಯನ್ ಇತ್ತು, ನ್ಯಾಯಾಲಯಕ್ಕೆ ಹೋಗುವ ಬಲವಿತ್ತು. ಅದೇ ಸ್ಥಾವರಕ್ಕೆ ಮಾಲು ಕಳಿಸುತ್ತಿದ್ದ ಶೆಡ್ಡುಗಳ ಗುತ್ತಿಗೆ ಕೆಲಸಗಾರನಿಗೆ ತಾನು ಅಲ್ಲಿ ದುಡಿದೆ ಎನ್ನಲು ಪಗಾರ ಚೀಟಿಯೂ ಇಲ್ಲದಿದ್ದರೆ ಅವನು ಯಾರ ಬಾಗಿಲು ತಟ್ಟಬೇಕು?

ಪಿಎಫ್ ಇಲಾಖೆ ಪ್ರತಿ ತಿಂಗಳ 27ರಂದು 'ನಿಧಿ ಆಪ್ಕೆ ನಿಕಟ್' ಎಂಬ ಅಹವಾಲು ಶಿಬಿರ ನಡೆಸುತ್ತದೆ. ಪುಣೆಯ ಕನ್ನಡ ಸಂಘಗಳು ಆ ದಿನ ಮರಾಠಿ, ಇಂಗ್ಲಿಷ್ ಬಲ್ಲ ಇಬ್ಬರು ಸ್ವಯಂಸೇವಕರನ್ನು ಅಲ್ಲಿ ಕೂರಿಸಿದರೆ ಅರ್ಜಿ ತುಂಬುವುದಕ್ಕಾದರೂ ಏಜೆಂಟನ ಹಂಗು ತಪ್ಪುತ್ತದೆ. ರಾಜ್ಯೋತ್ಸವಕ್ಕೆ ಶ್ರಮಪಡುವ ಸಂಘಗಳಿಗೆ ಇದು ಭಾರವಾಗದು. ಕಲ್ಯಾಣ ಕರ್ನಾಟಕದ ಐಟಿಐಗಳಲ್ಲಿ ಕೊನೆಯ ತಿಂಗಳು ಒಂದು ದಿನ ಪಗಾರ ಚೀಟಿ ಓದುವುದನ್ನು, ಯುಎಎನ್ ತೆರೆದು ನೋಡುವುದನ್ನು ಮಕ್ಕಳ ಮೊಬೈಲಿನಲ್ಲೇ ಮಾಡಿ ತೋರಿಸುವಂತೆ ಕರ್ನಾಟಕ ಸರ್ಕಾರ ಸುತ್ತೋಲೆ ಹೊರಡಿಸಲಿ. ಮುಂದಿನ ತಂಡ ಪುಣೆಯ ಬಸ್ಸು ಹತ್ತುವ ಮೊದಲೇ ಇದು ಆಗಬೇಕು.

– ಪಗಾರ, ಪಿಎಫ್ ಲೆಕ್ಕ ನೋಡುವ ಇಬ್ಬರು ಓದುಗರು, ಭೋಸರಿ, ಪುಣೆ